ಮೆತ್ತಗಾದ ಮಂಡಕ್ಕಿ

ಮಂಡಕ್ಕಿ ಕೊಳ್ಳುವಾಗ ಒಂದು ಕಾಳನ್ನು ಬೆರಳಲ್ಲಿ ಒತ್ತಿ, ಅದು ಮುರಿಯುವ ಸದ್ದು ಕೇಳಿಯೇ ಚೀಲ ಕಟ್ಟಿಸುವುದು ನನ್ನ ಹಳೆಯ ಚಾಳಿ. ಕಿವಿ ಮಂದವಾದ ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಸದ್ದು ಕೇಳಿಸದಿದ್ದರೂ ಬೆರಳಿಗೆ ತಿಳಿಯುತ್ತದೆ.

ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮುಂಚೆ, ಹೀಗೆ ಆರಿಸಿದ ಒಂದು ಚೀಲ ಮಸ್ಕತ್ತಿನ ನಸೀಮಾಗೆ ಹೋಗುತ್ತದೆ. ನಮ್ಮೂರಿನ ವಿನೋಬನಗರದ ಬಟ್ಟೆ ವ್ಯಾಪಾರಿಯ ಮಗಳು, ಕಾನ್ವೆಂಟಿನಲ್ಲಿ ನನ್ನ ಬೆಂಚ್‌ಮೇಟ್, ಮದುವೆಯಾಗಿ ಕಡಲಾಚೆ ಹೋದವಳು. ನಾನಿರುವ ಎಂ.ಸಿ.ಸಿ. ಬಡಾವಣೆಗೆಲ್ಲ ನಾನು ಮೇಡಂ, ಇಲ್ಲವೇ ಅಜ್ಜಿ. ‘ಏ ಸುಮಿ’ ಎಂದು ಕರೆಯುವ ಬಾಯಿ, ಮೈ ಡಿಯರ್, ಈ ಭೂಮಿಯ ಮೇಲೆ ಅದೊಂದೇ ಉಳಿದಿದೆ.

ಮೊದಲೆಲ್ಲ ಪಾರ್ಸೆಲ್ಲನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದೆವು. ಗಾತ್ರ ದಿಂಬಿನಷ್ಟು, ತೂಕ ಗಾಳಿಯಷ್ಟು. ಇಂಥದನ್ನು ಯಾವ ಕಸ್ಟಮ್ಸ್ ಆಫೀಸರ್ ತಾನೇ ನಂಬಿಯಾನು? ಬಿಚ್ಚಿ, ಮೂಸಿ, ಗೋದಾಮಿನ ಮೂಲೆಯಲ್ಲಿ ವಾರಗಟ್ಟಲೆ ಕೂರಿಸಿ, ಕೊನೆಗೆ ಒಲ್ಲದ ಮನಸ್ಸಿನಿಂದ ಬಿಡುತ್ತಿದ್ದರು. ಆಮೇಲೆ ನಸೀಮಾಳ ಫೋನು: “ಏ ಸುಮಿ, ಈ ಸಲಾನೂ ಮೆತ್ತಗೈತೆ ನೋಡು. ಹಲ್ಲಿಲ್ಲದೋರಿಗೆ ಕಳಿಸಿದಂಗೆ ಕಳಿಸ್ತೀಯಲ್ಲೇ!” ಬೈಯುತ್ತಲೇ ಅಷ್ಟನ್ನೂ ತಿಂದು ಮುಗಿಸುವಳು.

ಈಗ ದೇಶದೇಶಗಳು ಕೂತು ಮಾತಾಡಿಕೊಂಡಿವೆಯಂತೆ. ಟ್ರೇಡ್ ಫೆಸಿಲಿಟೇಷನ್ ಎಂದು ಅದಕ್ಕೆ ಹೆಸರು. ಸರಕಿಗಿಂತ ಮೊದಲೇ ಅದರ ವಿವರ ಮುಂದಿನ ದೇಶಕ್ಕೆ ಹೋಗಬೇಕು, ಕಾಗದಪತ್ರಕ್ಕೆ ಹತ್ತು ಕಿಟಕಿಗಳ ಬದಲು ಒಂದೇ ಕಿಟಕಿ ಇರಬೇಕು, ಅನುಮಾನವಿಲ್ಲದ್ದನ್ನು ಸುಮ್ಮನೆ ಬಿಚ್ಚಬಾರದು. ಕೊರಿಯರ್ ಅಂಗಡಿಯ ಬಸಣ್ಣ ಇದನ್ನೆಲ್ಲ ಚುಟುಕಾಗಿ ಹೇಳಿದ: “ಈಗ ಬಿಚ್ಚಂಗಿಲ್ರಿ ಮೇಡಂ. ನೀವು ಮನಿ ಮುಟ್ಟಾದ್ರಾಗೆ ಅದು ಬಾಂಬೆ ದಾಟಿರ್ತೈತೆ.” ಒಳ್ಳೆಯದೇ. ಶಾಲೆಯಿಂದ ಹರಿಹರಕ್ಕೆ ಪಿಕ್ನಿಕ್ ಹೋದಾಗ, ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ ನಿಂತದ್ದನ್ನು ದಿಟ್ಟಿಸಿ, “ನಡುವೆ ಸುಂಕದ ಕಟ್ಟೆ ಎಲ್ಲೈತೆ?” ಎಂದು ಕೇಳಿದ ವ್ಯಾಪಾರಿಯ ಮಗಳು ಅವಳು. ಲೋಕ ಕೊನೆಗೂ ನಸೀಮಾಳ ಮಾತಿಗೆ ಬಂತಲ್ಲ ಎಂದು ಹಿಗ್ಗಿದೆ.

ಈ ವರ್ಷ ಪಾರ್ಸೆಲ್ ಹಾರಿಯೇ ಹೋಯಿತು. ‘ಡೆಲಿವರ್ಡ್’ ಎಂದು ಮೊಬೈಲು ತಿಳಿಸಿತು. ಆಮೇಲೆ ಸದ್ದಿಲ್ಲ. ಮುಂಚೆ ಅವಳ ಮೌನಕ್ಕೆ ಕಸ್ಟಮ್ಸಿನ ನೆಪವಿತ್ತು. ಗೋದಾಮಿನಲ್ಲಿ ಕೂತಿರಬೇಕು ಎಂದುಕೊಂಡು ನಿದ್ದೆ ಮಾಡಬಹುದಿತ್ತು. ಈಗ ಆ ನೆಪವನ್ನೂ ರದ್ದು ಮಾಡಿದ್ದಾರೆ.

ತಡೆಯಲಾರದೆ ನಾನೇ ಫೋನ್ ಮಾಡಿದೆ. ಅವಳ ಮಗಳು ಶಬಾನಾ ಎತ್ತಿಕೊಂಡಳು. “ಆಂಟಿ, ಅಮ್ಮಿಗೆ ಈಗೀಗ ನೆನಪೇ ನಿಲ್ತಿಲ್ಲ. ಸುಮಿ ಆಂಟಿ ಕಳಿಸಿದ್ದು ಅಂತ ಕೊಟ್ಟೆ. ಬಾಯಿಗೆ ಹಾಕ್ಕೊಂಡು ತಟ್ಟೆ ದೂಡಿಬಿಟ್ರು. ‘ಸುಳ್ಳು ಹೇಳಬ್ಯಾಡ, ಇದು ಗರಿಗರಿ ಐತೆ. ನಮ್ ಸುಮೀದು ಮೆತ್ತಗಿರ್ತೈತೆ’ ಅಂತಾರೆ.”

ಫೋನ್ ಅವಳಿಗೇ ಕೊಡಮ್ಮ ಎಂದೆ. ನನ್ನ ಮುದಿ ದನಿಯನ್ನು ಕೊಂಚ ಹೊತ್ತು ಕೇಳಿಸಿಕೊಂಡು, “ಯಾರ್ರೀ ಮಾತಾಡಾದು?” ಎಂದಳು. ಅಷ್ಟು ಮರ್ಯಾದೆಯಿಂದ ಅವಳು ನನ್ನನ್ನು ಎಂದೂ ಮಾತಾಡಿಸಿದವಳಲ್ಲ.

ಇನ್ನೊಂದು ಚೀಲ ತಂದಿದ್ದೇನೆ. ಒತ್ತಿ ನೋಡಿ, ಗರಿಗರಿಯಾದದ್ದನ್ನೇ. ಹೊರಗೆ ಸೋನೆ ಹಿಡಿದಿದೆ. ತೆರೆದ ಕಿಟಕಿಯ ಕೆಳಗೆ, ಥಂಡಿ ಗಾಳಿಗೆ, ಹಿತ್ತಾಳೆಯ ಅಗಲ ಪರಾತದಲ್ಲಿ ಹರಡಿಟ್ಟು, ಆಗಾಗ ಎದ್ದುಹೋಗಿ ಒಂದು ಕಾಳನ್ನು ಬೆರಳಲ್ಲಿ ಒತ್ತುತ್ತೇನೆ. ಇನ್ನೂ ಮುರಿಯುತ್ತಿದೆ. ಇಷ್ಟು ಬೇಗ ಮಸ್ಕತ್ತಿಗೆ ಬಿಡುವ ಹಾಗಿಲ್ಲ.