ಹೊಂಡದ ಹಗ್ಗ

ಹಿರೇವಡ್ಡಟ್ಟಿಯ ಹೊರಗೆ ಕೃಷಿ ಹೊಂಡ ಕಂಡು ಬೈಕ್ ನಿಲ್ಲಿಸಿದೆ. ಮಳೆ ಕೈಕೊಟ್ಟಾಗ ಮೆಣಸಿನ ಗಿಡಗಳಿಗೆ ಹಾಯಿಸಲು ಕೂಡಿಟ್ಟ ನೀರು. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ. ಪಂಪಿನ ಪೈಪಿನ ಬಾಯಿಗೆ ಬಲೆ ಕಟ್ಟಲು ರೈತ ಸೊಂಟಕ್ಕೆ ಹಗ್ಗ ಬಿಗಿದು ಇಳಿದಿದ್ದ. ಒಡ್ಡಿನ ಹಿಂದೆ ಕಾಲೂರಿ ಹಗ್ಗ ಹಿಡಿದಿದ್ದ ಹೆಂಡತಿಗೆ ಅವನು ಕಾಣುತ್ತಿರಲಿಲ್ಲ. ಗಳಿಗೆಗೊಮ್ಮೆ "ಏನ್ರೀ?" ಎನ್ನುತ್ತಿದ್ದಳು. ಕೆಳಗಿನಿಂದ "ಹೂಂ" ಬರುತ್ತಿತ್ತು.

ನಾನು ಇಣುಕಲು ಹೋದೆ.

"ಹಿಂದ ಸರೀರಿ! ಹಾಳಿ ಜಾರತೈತಿ. ಹ್ವಾದ ವರ್ಷ ನಮ್ಮ ಎಮ್ಮಿ ಮ್ಯಾಲ ಬರಾಕಾಗದ ಈಸಿ ಈಸಿ ಸತ್ತತ್ರಿ" ಎಂದಳು.

ಮತ್ತೆ ಕೂಗಿದಳು, "ಏನ್ರೀ?"

ಉತ್ತರವಿಲ್ಲ.

"ಏನ್ರೀ!"

ನಾನೂ ಹಗ್ಗಕ್ಕೆ ಕೈ ಹಾಕಿದೆ. ಇಬ್ಬರೂ ಜಗ್ಗಿದೆವು. ಒಡ್ಡಿನ ಮೇಲೆ ಅವನ ತಲೆ ಕಂಡಿತು. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ತಂತಿ ತೆಗೆದು "ಹೂಂ" ಎಂದ.

ನಾನು ಹಗ್ಗ ಬಿಟ್ಟೆ. ಅವಳು ಬಿಡಲಿಲ್ಲ.