ಅತ್ತೆಯ ಹಳದಿ ಮಾತ್ರೆ

ಅರವತ್ತರ ದಶಕದ ಕೊನೆಯಲ್ಲಿ ನಾನು ಬಂಗಾರಪೇಟೆ ಕಡೆಯ ಹಳ್ಳಿಯಿಂದ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ಗೆ, ಕಾರ್ಮಿಕರ ಸಾಲುಮನೆಗಳ ಲೈನಿನ ಒಂದು ಮನೆಗೆ ಸೊಸೆಯಾಗಿ ಬಂದೆ. ಮಾವ ಬಹಳ ವರ್ಷ ಗಣಿಯೊಳಗೆ ಬಂಡೆ ಕೊರೆದು ಆಗಷ್ಟೇ ಕೆಲಸದಿಂದ ನಿವೃತ್ತರಾಗಿದ್ದರು. ಒಂದು ದಿನವೂ ಕೆಮ್ಮಿದವರಲ್ಲ. ಲೈನಿನಲ್ಲಿ ಯಾರು ಕೆಮ್ಮಿದರೂ ತಮ್ಮ ಎದೆ ತಟ್ಟಿಕೊಂಡು "ನಂದು ಕಬ್ಣ" ಅನ್ನುತ್ತಿದ್ದರು.

ಆ ವರ್ಷ ಅತ್ತೆಗೆ ಉರಿಮೂತ್ರ ಶುರುವಾಯಿತು. ಹೇಳಿದ್ದು ನನಗೊಬ್ಬಳಿಗೇ. ಬಂಗಾರಪೇಟೆಯ ಡಾಕ್ಟರೊಬ್ಬರ ಹತ್ತಿರ ಗುಟ್ಟಾಗಿ ಕರೆದುಕೊಂಡು ಹೋದೆ. ಅವರು ಹಳದಿ ಮಾತ್ರೆ ಕೊಟ್ಟರು. ವಾಪಸು ಬರುವಾಗ ರೈಲಿನಲ್ಲಿ ಅತ್ತೆ, "ಯಾರಾನ ಕೇಳಿದ್ರೆ ಮಂಡಿನೋವಿಗೆ ಅಂತ ಏಳ್ಬೇಕು ಕಣಮ್ಮಿ" ಎಂದು ಆಣೆ ಹಾಕಿಸಿಕೊಂಡರು.

ಉರಿ ಎರಡೇ ದಿನಕ್ಕೆ ಇಳಿಯಿತು. ವಾರ ತುಂಬುವಷ್ಟರಲ್ಲಿ ಜ್ವರ, ಒಣಕೆಮ್ಮು, ಏದುಸಿರು. ಆ ಮಾತ್ರೆಯ ಮೇಲೆ ಅತ್ತೆಗೆ ಎಷ್ಟು ನಂಬಿಕೆಯೆಂದರೆ, ಕೆಮ್ಮಿಗೂ ಅದನ್ನೇ ಇನ್ನೊಂದು ನುಂಗತೊಡಗಿದರು.

ಮಾವನಿಗೆ ಚಿಂತೆಗಿಂತ ಅವಮಾನವೇ ಹೆಚ್ಚಾಯಿತು. "ಗಣಿಗೆ ಇಳ್ದೋನು ನಾನು. ಕೆಮ್ಮು ನಿಂಗೆಂಗೆ ಬಂತಲೇ?"

"ನಿನ್ ಬಟ್ಟೆ ಒಗ್ದೋಳು ನಾನಲ್ವ" ಎಂದರು ಅತ್ತೆ, ಕೆಮ್ಮುತ್ತಲೇ.

ಲೈನಿನ ಹೆಂಗಸರೆಲ್ಲ ಹೌದೆಂದರು, ಬಟ್ಟೆಯ ದೂಳೇ ಅಂತೆ. ಗಣಿಗೆ ಹೋಗುವುದನ್ನು ಬಿಟ್ಟು ಆರು ತಿಂಗಳಾಗಿದ್ದರೂ ಮಾವ ಅಂದಿನಿಂದ ತಮ್ಮ ಪಂಚೆಯನ್ನು ಬೀದಿಯಲ್ಲಿ ಒದರಿಯೇ ಒಳಗೆ ತರತೊಡಗಿದರು.

ಅತ್ತೆಗೆ ನಾಲ್ಕು ಹೆಜ್ಜೆ ನಡೆಯಲೂ ಆಗದಿದ್ದಾಗ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದ ಬುಡ ಮಂಜು ಕವಿದಂತಿತ್ತು. ಚಿಕ್ಕ ವಯಸ್ಸಿನ ತಮಿಳು ಡಾಕ್ಟರು, ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. "ಮಂಡಿಗೆ" ಎಂದರು ಅತ್ತೆ. ಸೆರಗಿನ ಗಂಟು ಬಿಚ್ಚಿಸಿ ಮಾತ್ರೆ ನೋಡಿದ ಡಾಕ್ಟರು, ಇದು ಮಂಡಿಯದಲ್ಲವಲ್ಲ ಎಂದು ನನ್ನ ಮುಖ ನೋಡಿದರು. ಆಣೆ ಮುರಿದು ನರ್ಸಮ್ಮನ ಕಿವಿಯಲ್ಲಿ ನಿಜ ಹೇಳಿದೆ. ಆಕೆ ಅದನ್ನು ಡಾಕ್ಟರಿಗೆ ತಮಿಳಿನಲ್ಲಿ ಎಷ್ಟು ಜೋರಾಗಿ ದಾಟಿಸಿದಳೆಂದರೆ, ಜಗಲಿಯಲ್ಲಿ ಕಾಯುತ್ತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಅತ್ತೆ ಮುಖಕ್ಕೆ ಸೆರಗು ಎಳೆದುಕೊಂಡರು.

ಡಾಕ್ಟರಿಗೆ ಮಾತ್ರ ಖುಷಿಯಾದಂತಿತ್ತು. ಈ ಮಾತ್ರೆ ಅಪರೂಪಕ್ಕೆ ಕೆಲವರ ಶ್ವಾಸಕೋಶಕ್ಕೆ ಒಗ್ಗದೆ ಅಲ್ಲಿ ಊತ ತರುತ್ತದೆ, ಗಣಿಯ ದೂಳಿಗೂ ಇದಕ್ಕೂ ಸಂಬಂಧವಿಲ್ಲ, ಇವತ್ತೇ ನಿಲ್ಲಿಸಿ ಎಂದರು.

ಮಾವ ನಂಬಲಿಲ್ಲ. "ಉಚ್ಚೆ ಮಾತ್ರೆ ಎದೆಗ್ಯಾಕೆ ಓಯ್ತದೆ ಸಾಮಿ? ದಾರಿ ತಪ್ತಾ?"

ಹಾಗೇ ಅಂದುಕೊಳ್ಳಿ ಎಂದರು ಡಾಕ್ಟರು.

ಮನೆ ದಾರಿಯಲ್ಲಿ ಮಾವ ಅತ್ತೆಯನ್ನು ಮೆಲ್ಲಗೆ ಕೇಳಿದರು, "ನಂಗ್ಯಾಕೆ ಸುಳ್ಳೇಳ್ದೆ?"

"ನಿಂಗೇಳಿದ್ರೆ ಲೈನ್‌ಗೆಲ್ಲ ಏಳ್ತಿದ್ದೆ."

ಅಷ್ಟರಲ್ಲಿ ಲೈನಿಗೆ ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಮೂರು ಮನೆಗಳಿಂದ ಎಳನೀರು ಬಂದವು.

ಮಾತ್ರೆ ಬಿಟ್ಟ ಮೂರನೇ ದಿನ ಜ್ವರ ಇಳಿಯಿತು. ಎರಡು ವಾರಕ್ಕೆ ಉಸಿರೂ ಸಲೀಸಾಯಿತು. ಒಂದು ಬೆಳಿಗ್ಗೆ ಅತ್ತೆ ಬೀದಿಯ ಕೊಳಾಯಿಯ ಹತ್ತಿರ, ಸರದಿ ತಪ್ಪಿಸಿದ ಪಕ್ಕದ ಮನೆಯವಳ ಮೇಲೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಒಂದೇ ಉಸಿರಿಗೆ ಹರಿಹಾಯ್ದರು. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ ಮಾವ, "ಸರ್ಯಾಗವ್ಳೆ" ಎಂದು ಕಾಫಿ ಕೇಳಿದರು.