ಏಳು ಗಂಟೆಯ ಕರ್ಫ್ಯೂ

2014ರಲ್ಲಿ ನಾನು ಸಿಂಗಪುರದಲ್ಲಿ ಪ್ರೊಬೇಷನ್ ಅಧಿಕಾರಿಯಾಗಿದ್ದೆ. ಪ್ರೊಬೇಷನ್ ಎಂದರೆ ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ, ಕೋರ್ಟಿನ ಷರತ್ತುಗಳೊಂದಿಗೆ ಮನೆಯಲ್ಲೇ ಇರಿಸಿ ತಿದ್ದುವ ವ್ಯವಸ್ಥೆ. ನಮ್ಮ ಕಚೇರಿ ಆಗಷ್ಟೇ ಷರತ್ತುಗಳನ್ನು ಬಿಗಿಗೊಳಿಸಿತ್ತು: ಸಂಜೆ ಏಳಕ್ಕೆ ಕರ್ಫ್ಯೂ, ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್. ಹುಡುಗರೂ ದಾರಿಗೆ ಬರುತ್ತಾರೆ, ಸಾರ್ವಜನಿಕರೂ ನಿಶ್ಚಿಂತೆಯಿಂದ ಇರುತ್ತಾರೆ ಎಂದು ಎಲ್ಲರೂ ಬೀಗುತ್ತಿದ್ದೆವು, ನಾನಂತೂ ಒಂದು ಕೈ ಹೆಚ್ಚೇ.

ಬುಕಿತ್ ಬಾಟೋಕ್‌ನ ನಿಖಿಲ್ ಹತ್ತೊಂಬತ್ತರ ವಿದ್ಯಾರ್ಥಿ. ತನ್ನದೇ ಅಪಾರ್ಟ್‌ಮೆಂಟ್ ಬ್ಲಾಕಿನ ಲಿಫ್ಟಿನಲ್ಲಿ, ಕೆಳಗಿನ ಮಹಡಿಯ ವಿದ್ಯಾಳ ಮೈಮೇಲೆ ಕೈ ಹಾಕಿದ್ದ. ವಿದ್ಯಾ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದ ಇಪ್ಪತ್ತಮೂರರ ಹೆಣ್ಣುಮಗಳು. ಎರಡೂ ಕನ್ನಡದ ಮನೆಗಳಾದ್ದರಿಂದ ಕೇಸು ನನ್ನ ಪಾಲಿಗೆ ಬಂತು. ನಿಖಿಲ್ ಒಂದು ದಿನವೂ ಕರ್ಫ್ಯೂ ತಪ್ಪಿಸಲಿಲ್ಲ. ನನಗೆ ಬಹಳ ಖುಷಿಯಾಗಿತ್ತು.

ಒಂದು ಸಂಜೆ ಅವನ ಮನೆಗೆ ಹೋಗಿ ಕೆಳಗಿಳಿದಾಗ, ಬ್ಲಾಕಿನ ತಳದ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಟಿಫಿನ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಒಬ್ಬಳು ಕೂತಿದ್ದಳು.

"ಆಂಟಿ, ನಿಖಿಲ್ ಆಫೀಸರ್ ನೀವೇ ಅಲ್ವಾ? ನಾನು ವಿದ್ಯಾ. ಅಮ್ಮ ಕೆಲಸದಿಂದ ಬರೋವರೆಗೂ ದಿನಾ ಇಲ್ಲೇ ವೇಟ್ ಮಾಡ್ತೀನಿ. ಮುಂಚೆ ಅವನು ಎಲ್ಲೆಲ್ಲೋ ಸುತ್ತಾಡ್ತಿದ್ದ. ಈಗ ಏಳಾದ್ರೆ ಕರೆಕ್ಟಾಗಿ ಬಿಲ್ಡಿಂಗ್‌ನಲ್ಲೇ ಇರ್ತಾನೆ. ನಾನು ಬರೋದೂ ಏಳಕ್ಕೇ. ಪಬ್ಲಿಕ್‌ನ ಪ್ರೊಟೆಕ್ಟ್ ಮಾಡ್ತೀವಿ ಅಂತೀರಲ್ಲ, ನಾನು ಪಬ್ಲಿಕ್ ಅಲ್ವಾ?"

ಎಷ್ಟೊಂದು ಮೀಟಿಂಗ್ ಮಾಡಿದ್ದೆವು! ಆ ಹುಡುಗಿ ಎಲ್ಲಿ ವಾಸವಾಗಿದ್ದಾಳೆ ಎಂದು ಯಾರೂ ಯೋಚಿಸಿರಲಿಲ್ಲ.

ವುಡ್‌ಲ್ಯಾಂಡ್ಸ್‌ನಲ್ಲಿ ನಿಖಿಲ್‌ನ ಸೋದರತ್ತೆಯ ಮನೆಯಿತ್ತು. ಅವನನ್ನು ಅಲ್ಲಿಗೆ ಕಳಿಸೋಣ ಎಂದೆ. ತಂದೆತಾಯಿಯಿಂದ ದೂರವಾದರೆ ಮತ್ತೆ ಕೆಡುತ್ತಾನೆ ಎಂದು ಮೇಲಧಿಕಾರಿಗಳು ಹಿಂಜರಿದರು. ಆ ಭಯ ಸುಳ್ಳೇನಲ್ಲ. ಆದರೆ ಅವನ ತಾಯಿ ಆಡಿದ ಮಾತಿಗೆ ನನ್ನ ಮೈಯೆಲ್ಲ ಉರಿಯಿತು.

"ಎಕ್ಸಾಮ್ ಇದೆ ಮ್ಯಾಮ್, ಪಾಪ. ವಿದ್ಯಾ ಮನೆಯವರೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಲಿ. ನಮ್ಮವರೇ ತಾನೆ?"

ನಾನು ಪಟ್ಟು ಬಿಡಲಿಲ್ಲ. ತಿಂಗಳುಗಟ್ಟಲೆ ಅಲೆದ ಮೇಲೆ ಕೋರ್ಟು ಒಪ್ಪಿತು. ಅಂದೇ ವಿದ್ಯಾಳ ಮನೆಗೆ ಓಡಿದೆ. ನಡುಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ತಾಯಿ, ಮಗಳು ದೂರದ ಪುಂಗೋಲ್‌ಗೆ ಶಿಫ್ಟ್ ಆಗುತ್ತಿದ್ದರು.

"ಇನ್ನು ಹೋಗಬೇಕಾಗಿಲ್ಲಮ್ಮ, ಅವನೇ ಹೋಗ್ತಿದ್ದಾನೆ" ಎಂದೆ.

ವಿದ್ಯಾ ಟೇಪ್ ಅಂಟಿಸುತ್ತಲೇ ಕೇಳಿದಳು: "ಪ್ರೊಬೇಷನ್ ಮುಗಿದ್ಮೇಲೆ ಎಲ್ಲಿಗೆ ಬರ್ತಾನೆ, ಆಂಟಿ?"

"ಮನೆಗೆ."

ಅವಳು ಮುಂದಿನ ಪೆಟ್ಟಿಗೆ ಎಳೆದುಕೊಂಡಳು.

ನಿಖಿಲ್ ಅತ್ತೆಯ ಮನೆಯಲ್ಲಿ ಕೆಡಲಿಲ್ಲ. ಪರೀಕ್ಷೆ ಪಾಸಾಗಿ, ಅವಧಿ ಮುಗಿಸಿ ಮನೆಗೆ ಮರಳಿದ. ನಮ್ಮ ಲೆಕ್ಕದಲ್ಲಿ ಅದು ಯಶಸ್ಸು. ನನ್ನ ಲೆಕ್ಕದಲ್ಲೂ ಅರ್ಧ ಹೌದು. ಆಮೇಲೆ ಬಂದ ಪ್ರತಿ ಕೇಸಿನಲ್ಲೂ, ಅವನು ಎಲ್ಲಿರಬೇಕು ಎಂದು ಕೇಳುವ ಮೊದಲು ಅವಳು ಎಲ್ಲಿದ್ದಾಳೆ ಎಂದು ಕೇಳಿದೆ. ವಿದ್ಯಾಗೆ ಅದರಿಂದ ಏನೂ ಸಿಗಲಿಲ್ಲ. ತಪ್ಪು ಮಾಡಿದವನು ತನ್ನ ಮನೆಯಲ್ಲಿದ್ದಾನೆ, ಅವಳು ತನ್ನ ಮನೆಯಲ್ಲಿಲ್ಲ.